ಹುಟ್ಟುಹಬ್ಬ ಎಲ್ಲರ ಮನೆಗೂ ಬಂದ ಬಗೆ

ಮಲೆನಾಡಿನ ಯಾವ ಊರಿನ ಶಾಲೆಗೆ ಹೋದರೂ ಆಗಾಗ ಈ ನೋಟ ಕಾಣಸಿಗುತ್ತದೆ. ಸಮವಸ್ತ್ರದ ಸಾಲಿನ ನಡುವೆ ಒಂದು ಮಗು ಮಾತ್ರ ಬಣ್ಣದ ಹೊಸ ಅಂಗಿ ತೊಟ್ಟು ನಿಂತಿರುತ್ತದೆ. ಕೈಯಲ್ಲಿ ಚಾಕೊಲೇಟಿನ ಪೊಟ್ಟಣ. ಮೊದಲು ಮೇಷ್ಟರಿಗೆ, ಆಮೇಲೆ ತರಗತಿಯ ಎಲ್ಲರಿಗೂ ಒಂದೊಂದು. ಸಂಜೆ ಮನೆಯಲ್ಲಿ ಪಾಯಸ ಅಥವಾ ಕೇಕು, ಅತ್ತೆಯೋ ಚಿಕ್ಕಪ್ಪನೋ ತಂದ ಕಥೆ ಪುಸ್ತಕ. ಮಗು ಬೆಳೆದು ಕಾಲೇಜು ಮೆಟ್ಟಿಲು ಹತ್ತಿದ್ದರೆ ಹೊಸದೊಂದು ಸೆಂಟಿನ ಬಾಟಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ಇದು ಈಗ ಯಾರೂ ಹುಬ್ಬೇರಿಸದ ಸಂಗತಿ.

ಆದರೆ ಅದೇ ಮಗುವಿನ ಮುತ್ತಜ್ಜಿ ಹುಟ್ಟಿದ್ದು ಯಾವಾಗ ಎಂದು ವಿಚಾರಿಸಿದರೆ ಬಹಳಷ್ಟು ಮನೆಗಳಲ್ಲಿ ತಾರೀಕು ಸಿಗುವುದಿಲ್ಲ. ‘ದೊಡ್ಡ ಮಳೆ ಬಂದು ಸಂಕ ಕೊಚ್ಚಿಕೊಂಡು ಹೋದ ವರ್ಷ’, ‘ಗಾಂಧಿ ಹೋದ ವರ್ಷ’, ‘ಅಡಿಕೆ ಕೊಯ್ಲಿನ ಹೊತ್ತಿಗೆ’ ಎಂಬ ಉತ್ತರ ಬಂದೀತು. ಹುಟ್ಟಿದ ದಿನವೇ ಗೊತ್ತಿಲ್ಲದಿದ್ದ ಮೇಲೆ ಹುಟ್ಟುಹಬ್ಬವೆಲ್ಲಿಯದು?

ಹುಟ್ಟುಹಬ್ಬ ಎಂದರೆ ಇಂಗ್ಲಿಷರು ತಂದ ಫ್ಯಾಷನ್ ಎನ್ನುವವರಿದ್ದಾರೆ. ಅದು ನಮ್ಮ ಪುರಾತನ ಸಂಪ್ರದಾಯ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಹಬ್ಬ ಹಳೆಯದೇ, ಆದರೆ ಅದು ಎಲ್ಲರದಾಗಿರಲಿಲ್ಲ. ಮೊದಲು ದೇವರು ಮತ್ತು ಗುರುಗಳಿಗೆ, ಆಮೇಲೆ ಅರಸರಿಗೆ, ಅನುಕೂಲಸ್ಥರ ಮನೆಯ ಮಕ್ಕಳಿಗೆ, ಬಹಳ ತಡವಾಗಿ ಉಳಿದವರಿಗೆ ಅದು ದಕ್ಕಿತು. ಈ ಪಯಣದ ಹೆಜ್ಜೆಗುರುತುಗಳು ತುಂಗಾ ಮತ್ತು ಭದ್ರಾ ನದಿಗಳ ಸೀಮೆಯ ಈ ಮೂರು ತಾಲ್ಲೂಕುಗಳಲ್ಲಿ ಸ್ಪಷ್ಟವಾಗಿ ಉಳಿದಿವೆ.

ಎರಡು ಲೆಕ್ಕ

ಹಳೆಯ ಕಾಲದ ಹುಟ್ಟುಹಬ್ಬ ನಡೆಯುತ್ತಿದ್ದುದು ತಾರೀಕಿನಿಂದಲ್ಲ, ತಿಥಿ ಅಥವಾ ನಕ್ಷತ್ರದಿಂದ. ಚಾಂದ್ರಮಾನದ 12 ತಿಂಗಳಿಗೆ ಸುಮಾರು 354 ದಿನ. ಸೌರ ವರ್ಷಕ್ಕಿಂತ 11 ದಿನ ಕಡಿಮೆ. ಈ ಕೊರತೆ ತುಂಬಲು ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ. ಹೀಗಾಗಿ ತಿಥಿಯ ಹುಟ್ಟುಹಬ್ಬ ಒಂದು ವರ್ಷ ಮುಂದೆ, ಇನ್ನೊಂದು ವರ್ಷ ಹಿಂದೆ ಸರಿಯುತ್ತಲೇ ಇರುತ್ತದೆ. ತಿಥಿ ಮತ್ತು ತಾರೀಕು ಮತ್ತೆ ಹತ್ತಿರ ಹತ್ತಿರ ಕೂಡುವುದು 19 ವರ್ಷಕ್ಕೊಮ್ಮೆ. ಏಕೆಂದರೆ 19 ಸೌರ ವರ್ಷಗಳಲ್ಲಿ ಹೆಚ್ಚುಕಡಿಮೆ 235 ಚಾಂದ್ರ ಮಾಸಗಳು ಸರಿಯಾಗಿ ಕೂರುತ್ತವೆ. ತನ್ನ 19, 38 ಮತ್ತು 57ನೇ ಹುಟ್ಟುಹಬ್ಬವನ್ನು ಪಂಚಾಂಗದಲ್ಲಿ ನೋಡಿದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ.

ಶಾಸ್ತ್ರ ಬಲ್ಲ ಮನೆಗಳಲ್ಲಿ ಆಯುಷ್ಯದ ಒಂದೊಂದು ಘಟ್ಟಕ್ಕೂ ಒಂದೊಂದು ಹೆಸರಿತ್ತು. ಮೊದಲ ವರ್ಷ ತುಂಬಿದಾಗ ಅಬ್ದಪೂರ್ತಿ. 60ಕ್ಕೆ ಷಷ್ಟ್ಯಬ್ದಿ, ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳು ಒಂದು ಸುತ್ತು ಮುಗಿದು, ಹುಟ್ಟಿದ ಸಂವತ್ಸರವೇ ಮರಳಿ ಬರುವ ಸಂದರ್ಭವದು. 70ಕ್ಕೆ ಭೀಮರಥ ಶಾಂತಿ. ಆಮೇಲೆ ಸಹಸ್ರ ಚಂದ್ರದರ್ಶನ. ಒಂದು ಸಾವಿರ ಹುಣ್ಣಿಮೆಗಳನ್ನು ಕಾಣಲು ಎಷ್ಟು ವರ್ಷ ಬೇಕು? ಚಾಂದ್ರ ಮಾಸವೊಂದಕ್ಕೆ 29.53 ದಿನದಂತೆ ಲೆಕ್ಕ ಹಾಕಿದರೆ ಸುಮಾರು 80 ವರ್ಷ 10 ತಿಂಗಳು.

ವರ್ಷವರ್ಷದ ಆಚರಣೆ ಸರಳವಾಗಿತ್ತು. ಬೆಳಿಗ್ಗೆ ಎಣ್ಣೆ ಹಚ್ಚಿ, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಮೀಯಿಸುವುದು. ದೇವರಿಗೆ ದೀಪ. ಹಣೆಗೆ ಕುಂಕುಮ, ಆರತಿ. ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಚಿರಾಯುವಾದ ಮಾರ್ಕಂಡೇಯನಿಗೆ ನಿವೇದಿಸಿ ಮಗುವಿಗೆ ಕುಡಿಸುವುದು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಈ ಏಳು ಮಂದಿ ಚಿರಂಜೀವಿಗಳನ್ನು ನೆನೆಯುವುದು. ಮಧ್ಯಾಹ್ನ ಪಾಯಸದ ಊಟ. ಇದಿಷ್ಟಕ್ಕೂ ಬೇಕಾದ ಮೂಲ ಸಾಮಗ್ರಿ ಎಳ್ಳೂ ಅಲ್ಲ, ಬೆಲ್ಲವೂ ಅಲ್ಲ. ಹುಟ್ಟಿದ ಗಳಿಗೆಯನ್ನು ಬರೆದಿಟ್ಟ ಜಾತಕ. ಜಾತಕ ಬರೆಯಬಲ್ಲವರ, ಬರೆಸಬಲ್ಲವರ ಮನೆಯಲ್ಲಿ ಮಾತ್ರ ಈ ಹಬ್ಬ ನಡೆಯುತ್ತಿತ್ತು. ಗದ್ದೆ, ತೋಟಗಳಲ್ಲಿ ದುಡಿದವರ ಮಕ್ಕಳು ಹುಟ್ಟಿದ ದಿನವನ್ನು ಬರೆದಿಡುವವರು ಯಾರೂ ಇರಲಿಲ್ಲ.

ಶೃಂಗೇರಿ: ಗುರುವಿನ ವರ್ಧಂತಿ

ತಿಥಿಯ ಹುಟ್ಟುಹಬ್ಬ ಇಂದಿಗೂ ದೊಡ್ಡದಾಗಿ ನಡೆಯುವ ಜಾಗ ಶೃಂಗೇರಿ. ಇಲ್ಲಿ ಅದಕ್ಕಿರುವ ಹೆಸರು ವರ್ಧಂತಿ. ಬೆಳೆಯುವುದು, ವೃದ್ಧಿಯಾಗುವುದು ಎಂಬ ಅರ್ಥದ ಧಾತುವಿನಿಂದ ಬಂದ ಪದ. ಕಳೆದ ವರ್ಷಗಳನ್ನು ಎಣಿಸುವುದಕ್ಕಿಂತ ಆಯುಷ್ಯ ಬೆಳೆಯಲಿ ಎಂಬ ಹಾರೈಕೆ ಅದರಲ್ಲಿದೆ.

ವೈಶಾಖ ಶುದ್ಧ ಪಂಚಮಿಯಂದು ಶಂಕರ ಜಯಂತಿ. ಈಗಿನ ಹಿರಿಯ ಜಗದ್ಗುರು ಭಾರತೀತೀರ್ಥ ಸ್ವಾಮಿಗಳು ಜನಿಸಿದ್ದು 1951ರ ಏಪ್ರಿಲ್ 11ರಂದು. ಆದರೆ ಮಠದಲ್ಲಿ ವರ್ಧಂತಿ ನಡೆಯುವುದು ಏಪ್ರಿಲ್ 11ಕ್ಕಲ್ಲ, ಚೈತ್ರ ಶುದ್ಧ ಷಷ್ಠಿಗೆ. ಯುಗಾದಿಯ ಹೊಸ ಪಂಚಾಂಗ ಬಂದ ಆರನೆಯ ದಿನ. 2015ರಲ್ಲಿ ಸಂನ್ಯಾಸ ಸ್ವೀಕರಿಸಿ ಉತ್ತರಾಧಿಕಾರಿಯಾದ ವಿಧುಶೇಖರ ಭಾರತೀ ಸ್ವಾಮಿಗಳ ವರ್ಧಂತಿ ನಾಗರ ಪಂಚಮಿಯಂದು ಬರುತ್ತದೆ. ಅವರು ಹುಟ್ಟಿದ್ದು 1993ರ ಜುಲೈ 24ರಂದು. ಆ ವರ್ಷದ ನಾಗರ ಪಂಚಮಿ ಅಂದೇ ಬಿದ್ದಿತ್ತು.

ಧರ್ಮಪುರುಷರ ಹುಟ್ಟಿದ ದಿನವನ್ನು ಸಾರ್ವಜನಿಕ ಹಬ್ಬವಾಗಿಸಿದ್ದು ಶೃಂಗೇರಿಯೊಂದೇ ಅಲ್ಲ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿ ಜ್ವಾಲಾಮಾಲಿನಿ ದೇವಿಯ ನೆಲೆಯಾಗಿ ಜೈನರಿಗೆ ಪ್ರಸಿದ್ಧ ಕ್ಷೇತ್ರ. ಮಹಾವೀರ ಜಯಂತಿ ಜೈನರಿಗೆಲ್ಲ ದೊಡ್ಡ ದಿನ. ಇದೇ ಸೀಮೆಯ ಮಸೀದಿಗಳಿಗೆ ಮಿಲಾದ್, ಇಗರ್ಜಿಗಳಿಗೆ ಕ್ರಿಸ್‌ಮಸ್. ಮಿಲಾದ್‌ಗೆ ಅಧಿಕ ಮಾಸದ ಹೊಂದಾಣಿಕೆಯಿಲ್ಲವಾದ್ದರಿಂದ ಅದು ವರ್ಷಕ್ಕೆ 11 ದಿನದಂತೆ ಹಿಂದೆ ಸರಿಯುತ್ತ ಮಳೆ, ಚಳಿ, ಬೇಸಿಗೆ ಎಲ್ಲದರಲ್ಲೂ ಬಂದುಹೋಗುತ್ತದೆ. ರಾಮನವಮಿ, ಗೋಕುಲಾಷ್ಟಮಿಗಳೂ ಹುಟ್ಟುಹಬ್ಬಗಳೇ. ಅಂದರೆ ತನ್ನ ಹುಟ್ಟಿದ ದಿನ ಗೊತ್ತಿಲ್ಲದ ಬಡವನೂ ವರ್ಷಕ್ಕೆ ಒಂದೆರಡಾದರೂ ಹುಟ್ಟುಹಬ್ಬದ ಸಿಹಿ ಉಣ್ಣುತ್ತಿದ್ದ. ಅದು ಅವನದಾಗಿರುತ್ತಿರಲಿಲ್ಲ, ಅಷ್ಟೆ.

ನರಸಿಂಹರಾಜಪುರ: ಅರಸರ ದಿನ

ದೇವರ ನಂತರದ ಸರದಿ ಅರಸರದು. ನರಸಿಂಹರಾಜಪುರದ ಹೆಸರಿನಲ್ಲೇ ಆ ಚರಿತ್ರೆಯಿದೆ. ಊರಿನ ಹಳೆಯ ಹೆಸರು ಎಡೇಹಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1915ರಲ್ಲಿ ಇಲ್ಲಿಗೆ ಭೇಟಿ ಕೊಟ್ಟ ನೆನಪಿಗೆ ಊರು ಈಗಿನ ಹೆಸರು ಪಡೆಯಿತು. ಆಗ ಈ ಸೀಮೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು.

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು, ಯುವರಾಜರು 1888ರ ಜೂನ್ 5ರಂದು. ಮಹಾರಾಜರ ವರ್ಧಂತಿ ಅರಮನೆಯ ಒಳಗಿನ ಪೂಜೆಗೆ ಸೀಮಿತವಾಗಿರಲಿಲ್ಲ. ಅದು ಸಂಸ್ಥಾನದ ಹಬ್ಬ. ಆಡಳಿತದ ಲೆಕ್ಕದಲ್ಲೂ ಅದಕ್ಕೊಂದು ಜಾಗವಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲು ದಸರಾ ಸಮಯದಲ್ಲಿ ವರ್ಷಕ್ಕೊಮ್ಮೆ ಸೇರುತ್ತಿತ್ತು. ಮುಂದೆ ವರ್ಷಕ್ಕೆರಡು ಬಾರಿ ಸೇರುವ ಪದ್ಧತಿ ಬಂದಾಗ ಒಂದು ದಸರಾ ಅಧಿವೇಶನವಾಯಿತು. ಜೂನ್ ಸುಮಾರಿಗೆ ನಡೆಯುವ ಇನ್ನೊಂದಕ್ಕೆ ಹುಟ್ಟುಹಬ್ಬದ ಅಧಿವೇಶನ ಎಂದೇ ಹೆಸರು. ತಾಲ್ಲೂಕುಗಳ ರೈತ ಮುಖಂಡರೂ ವರ್ತಕರೂ ತಮ್ಮ ಊರಿನ ರಸ್ತೆ, ಕೆರೆ, ಕಂದಾಯದ ಅಹವಾಲು ಹೇಳಿಕೊಳ್ಳಲು ಮೈಸೂರಿಗೆ ಹೋಗುತ್ತಿದ್ದುದು ಅರಸರ ಹುಟ್ಟುಹಬ್ಬದ ನೆಪದಲ್ಲಿ.

ಹುಟ್ಟಿದ ದಿನ ಎಂಬುದು ಕ್ಯಾಲೆಂಡರಿನಲ್ಲಿ ಗುರುತಿಡಬೇಕಾದ ವಿಷಯ, ಅಂದು ಸಿಹಿ ಹಂಚಬೇಕು, ಸಭೆ ಸೇರಬೇಕು ಎಂಬ ಕಲ್ಪನೆ ಸಾಮಾನ್ಯ ಜನರ ಕಣ್ಣಿಗೆ ಬಿದ್ದದ್ದು ಹೀಗೆ. ಆದರೆ ನೋಡುವುದು ಬೇರೆ, ತಾನೇ ಆಚರಿಸುವುದು ಬೇರೆ. ನಡುವೆ ಒಂದು ಪುಸ್ತಕ ಬರಬೇಕಾಯಿತು.

ಹೆಡ್ಮಾಸ್ಟರು ಕೊಟ್ಟ ತಾರೀಕು

ಆ ಪುಸ್ತಕ ಶಾಲೆಯ ದಾಖಲಾತಿ ರಿಜಿಸ್ಟರು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಗೆ ಮೇಷ್ಟರು ಕೇಳುವ ಪ್ರಶ್ನೆ: ಹುಟ್ಟಿದ ತಾರೀಕು? ತಂದೆಗೆ ಗೊತ್ತಿಲ್ಲ. ಆದರೆ ರಿಜಿಸ್ಟರಿನ ಆ ಅಂಕಣವನ್ನು ಖಾಲಿ ಬಿಡುವಂತಿಲ್ಲ. ಮಗುವನ್ನು ಮೇಲಿಂದ ಕೆಳಗೆ ನೋಡಿ, ಹಲ್ಲು ಬಿದ್ದಿವೆಯೇ ಎಂದು ವಿಚಾರಿಸಿ, ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಿಸಿ ಅಂದಾಜು ವಯಸ್ಸು ಕಟ್ಟುತ್ತಿದ್ದರು. ಜೂನ್ ತಿಂಗಳಿಗೆ ಶಾಲೆ ಆರಂಭ. ಆ ಹೊತ್ತಿಗೆ ವಯಸ್ಸು ಸರಿಹೊಂದುವಂತೆ ಒಂದು ತಾರೀಕು ಬರೆದರೆ ಕೆಲಸ ಮುಗಿಯಿತು. ಕರ್ನಾಟಕದ ಹಿರಿಯ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಮಂದಿ ಏಕೆ ಎಂಬ ತಮಾಷೆಯ ಪ್ರಶ್ನೆಗೆ ಇದೇ ಉತ್ತರ.

ತಮಾಷೆಯಾದರೂ ಇದರ ಪರಿಣಾಮ ಸಣ್ಣದಲ್ಲ. ಆ ತಾರೀಕೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು. ಅಲ್ಲಿಂದ ನೌಕರಿಗೆ, ನಿವೃತ್ತಿಗೆ, ಪಿಂಚಣಿಗೆ. ಒಂದು ವರ್ಷ ಹೆಚ್ಚು ಬರೆದಿದ್ದರೆ ಒಂದು ವರ್ಷದ ಸಂಬಳ ಹೋಯಿತು. ಜಾತಕದಲ್ಲಿ ಒಂದು ದಿನ, ಕಾಗದದಲ್ಲಿ ಇನ್ನೊಂದು ದಿನ ಎಂಬ ಎರಡು ಹುಟ್ಟುಗಳ ಮಂದಿ ಈಗಲೂ ನಮ್ಮ ನಡುವೆ ಇದ್ದಾರೆ.

ಆದರೂ ಒಂದು ಮಾತು ನಿಜ. ಅಂದಾಜಿನದೇ ಆಗಲಿ, ಜಾತಿ ಕೇಳದೆ, ಜಾತಕ ಕೇಳದೆ ಪ್ರತಿ ಮಗುವಿಗೂ ಒಂದು ಹುಟ್ಟಿದ ದಿನವನ್ನು ಮೊದಲಿಗೆ ಕೊಟ್ಟದ್ದು ಶಾಲೆ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು. 2011ರ ಹೊತ್ತಿಗೆ ಕರ್ನಾಟಕದ ಸಾಕ್ಷರತೆ ಶೇ 75 ದಾಟಿತ್ತು. ಈ ಎರಡು ಅಂಕಿಗಳ ನಡುವಿನ ಅವಧಿಯಲ್ಲೇ ಹುಟ್ಟುಹಬ್ಬ ಮನೆಮನೆಗೆ ಬಂದದ್ದು ಕಾಕತಾಳೀಯವಲ್ಲ.

ಕಾನೂನು ನಿಧಾನವಾಗಿ ಹಿಂಬಾಲಿಸಿತು. ಜನನ ಮತ್ತು ಮರಣ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದು 1969ರಲ್ಲಿ. ವಯಸ್ಸಿನ ದಾಖಲೆಯಿಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಶಾಲೆಯ ಪ್ರವೇಶ ನಿರಾಕರಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಮುಂತಾದವಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹೆಡ್ಮಾಸ್ಟರರ ಅಂದಾಜಿಗೆ ಇನ್ನು ಕೆಲಸವಿಲ್ಲ.

ಕೊಪ್ಪ: ಕವಿಯ ಹುಟ್ಟು

ಅರಸರ ಹುಟ್ಟುಹಬ್ಬಕ್ಕೆ ರಾಜ್ಯ ಸಂಭ್ರಮಿಸುತ್ತಿದ್ದ ಕಾಲ ಹೋಗಿ, ಮಲೆನಾಡಿನ ಒಕ್ಕಲು ಮನೆತನದ ಮಗನೊಬ್ಬನ ಹುಟ್ಟಿದ ದಿನವನ್ನು ರಾಜ್ಯವೇ ಆಚರಿಸುವ ಕಾಲ ಬಂದದ್ದಕ್ಕೆ ಕೊಪ್ಪ ತಾಲ್ಲೂಕು ಸಾಕ್ಷಿ. ಕುವೆಂಪು ಎಂದೊಡನೆ ಎಲ್ಲರಿಗೂ ನೆನಪಾಗುವುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಅವರು ಬೆಳೆದದ್ದು ಅಲ್ಲಿ. ಆದರೆ ಹುಟ್ಟಿದ್ದು ತಾಯಿ ಸೀತಮ್ಮನವರ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1904ರ ಡಿಸೆಂಬರ್ 29ರಂದು. ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದಾಗಿ ಕನ್ನಡದ ಮೊದಲ ಜ್ಞಾನಪೀಠ ಪುರಸ್ಕೃತರ ಜನ್ಮಸ್ಥಳ ಎಂಬ ಹೆಮ್ಮೆ ಕೊಪ್ಪಕ್ಕೆ ದಕ್ಕಿತು.

ಪ್ರತಿ ಮಗುವೂ ಹುಟ್ಟುವಾಗ ವಿಶ್ವಮಾನವನಾಗಿಯೇ ಹುಟ್ಟುತ್ತದೆ, ಜಾತಿ ಮತಗಳ ಕಟ್ಟು ಹಾಕಿ ಅದನ್ನು ಅಲ್ಪಮಾನವನನ್ನಾಗಿ ಮಾಡುವವರು ನಾವು ಎಂಬುದು ಕುವೆಂಪು ವಿಚಾರದ ತಿರುಳು. 2015ರಲ್ಲಿ ರಾಜ್ಯ ಸರ್ಕಾರ ಡಿಸೆಂಬರ್ 29ನ್ನು ವಿಶ್ವಮಾನವ ದಿನವಾಗಿ ಆಚರಿಸಲು ತೀರ್ಮಾನಿಸಿತು. ಹುಟ್ಟಿನ ಬಗ್ಗೆಯೇ ಇಷ್ಟು ದೊಡ್ಡ ಮಾತು ಹೇಳಿದ ಕವಿಗೆ ಇದಕ್ಕಿಂತ ಸರಿಯಾದ ದಿನ ಸಿಗಲಾರದು. ತಿಥಿಯಲ್ಲ, ತಾರೀಕು ಎಂಬುದನ್ನೂ ಗಮನಿಸಬೇಕು. ಪಂಚಾಂಗ ಓದಲು ಬಾರದವನಿಗೂ ಗೋಡೆಯ ಕ್ಯಾಲೆಂಡರಿನಲ್ಲಿ ಕಾಣುವ ದಿನವದು.

ಹೀಗೆ ದಿನವೇನೋ ಎಲ್ಲರಿಗೂ ಬಂತು. ಆ ದಿನದ ಸಂಭ್ರಮಕ್ಕೆ ಬೇಕಾದ ಸಿಹಿ, ಪುಸ್ತಕ, ಪರಿಮಳ? ಅವುಗಳ ಕಥೆಯೂ ಹೆಚ್ಚುಕಡಿಮೆ ಇದೇ ದಾರಿಯದು.

ಪಾಯಸದ ಜತೆಗೆ ಕೇಕು

ಹುಟ್ಟುಹಬ್ಬಕ್ಕೆ ಕೇಕಿನ ಮೇಲೆ ಮೇಣದ ಬತ್ತಿ ಹಚ್ಚುವ ಪದ್ಧತಿಗೆ 18ನೇ ಶತಮಾನದ ಜರ್ಮನಿಯ ಮಕ್ಕಳ ಹಬ್ಬದಲ್ಲಿ ಮೂಲ ಗುರುತಿಸುತ್ತಾರೆ. ಆಗ ಹಾಡುವ ಹಾಡಿನ ಮಟ್ಟು ಅಮೆರಿಕದ ಕೆಂಟಕಿ ರಾಜ್ಯದ್ದು. ಹಿಲ್ ಎಂಬ ಮನೆತನದ ಅಕ್ಕತಂಗಿಯರು ಪುಟ್ಟ ಮಕ್ಕಳ ಶಾಲೆಗಾಗಿ ಕಟ್ಟಿದ ಬೆಳಗಿನ ವಂದನೆಯ ಹಾಡು 1893ರಲ್ಲಿ ಅಚ್ಚಾಯಿತು. ಅದೇ ಮಟ್ಟಿಗೆ ಹುಟ್ಟುಹಬ್ಬದ ಮಾತು ಸೇರಿದ್ದು ಆಮೇಲೆ. ಅದರ ಹಕ್ಕು ತನ್ನದೆಂದು ಸಂಗೀತ ಕಂಪನಿಯೊಂದು ಬಹುಕಾಲ ಹಣ ವಸೂಲು ಮಾಡುತ್ತಿತ್ತು. 2015ರಲ್ಲಿ ಅಮೆರಿಕದ ನ್ಯಾಯಾಲಯ ಆ ಹಕ್ಕನ್ನು ಒಪ್ಪಲಿಲ್ಲ. ಈಗ ಹಾಡೂ ಎಲ್ಲರದು.

ದಕ್ಷಿಣ ಭಾರತದಲ್ಲಿ ಕೇಕಿಗೆ ಎರಡು ದಾರಿಗಳಿದ್ದವು. ಒಂದು ಮಲಬಾರಿನದು. ತಲಶ್ಶೇರಿಯ ಮಂಬಳ್ಳಿ ಬಾಪು ಎಂಬುವರು 1883ರಲ್ಲಿ ತೋಟದ ದೊರೆಯೊಬ್ಬನ ಕೋರಿಕೆಯ ಮೇರೆಗೆ ಕ್ರಿಸ್‌ಮಸ್ ಕೇಕು ಮಾಡಿದರೆಂಬುದು ಪ್ರಸಿದ್ಧ. ಇನ್ನೊಂದು ಬೆಂಗಳೂರಿನದು. 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಬಿ.ಬಿ. ಬೇಕರಿಯನ್ನು ಮೊದಲ ಅಯ್ಯಂಗಾರ್ ಬೇಕರಿ ಎನ್ನುತ್ತಾರೆ. ಬೇಕರಿ ತಿಂಡಿಗೆ ಮಡಿವಂತಿಕೆಯ ಅಳುಕಿದ್ದ ಮನೆಗಳಿಗೂ ಕೇಕು ಬಂದದ್ದು ಈ ಎರಡನೆಯ ದಾರಿಯಿಂದ. ಮಲೆನಾಡಿನ ಪೇಟೆಗಳಲ್ಲಿ ಎರಡೂ ದಾರಿ ಕೂಡಿದವು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕೃಷಿಕರ ಮನೆಗಳಲ್ಲಿ ಕೇಕು ಹಬ್ಬದ ತಿನಿಸು. ಉಳಿದವರಿಗೆ ಬಸ್ ನಿಲ್ದಾಣದ ಹತ್ತಿರದ ಬೇಕರಿ.

ಹಿರಿಯರ ತಕರಾರು ಕೇಕಿನ ಬಗ್ಗೆ ಇರಲಿಲ್ಲ, ದೀಪದ ಬಗ್ಗೆ ಇತ್ತು. ಒಳ್ಳೆಯ ದಿನ ದೀಪ ಹಚ್ಚುವುದು ನಮ್ಮ ರೂಢಿ. ಬಾಯಿಂದ ಊದಿ ಆರಿಸುವುದು ಎಲ್ಲಿಯ ಶಾಸ್ತ್ರ? ಅನೇಕ ಮನೆಗಳು ಇದಕ್ಕೊಂದು ರಾಜಿ ಕಂಡುಕೊಂಡಿವೆ. ಬೆಳಿಗ್ಗೆ ಎಣ್ಣೆ ನೀರು, ಆರತಿ, ಪಾಯಸ. ಸಂಜೆ ಕೇಕು. ಇನ್ನು ಕೆಲವು ಮನೆಗಳಲ್ಲಿ ಕೇಕಿನ ಪಕ್ಕದಲ್ಲೇ ನಂದಾದೀಪ ಉರಿಯುತ್ತಿರುತ್ತದೆ. ಮೇಣದ ಬತ್ತಿಗೆ ರಜೆ.

ಶಾಲೆಯಲ್ಲಿ ಹಂಚುವ ಸಿಹಿ ಮಾತ್ರ ಪೆಪ್ಪರಮಿಂಟಿನಿಂದ ಚಾಕೊಲೇಟಿಗೆ ಬಡ್ತಿ ಪಡೆಯಿತು. ಅದರಲ್ಲಿ ಅಡಿಕೆ ಸೀಮೆಯ ಪಾಲೂ ಇದೆ. 1970ರ ದಶಕದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೊ ಬೆಳೆಯುವ ಪ್ರಯೋಗ ಹರಡಿತು. ಕೊಳ್ಳುವವರು ಹಿಂದೆ ಸರಿದು ಬೆಲೆ ಕುಸಿದಾಗ, 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೊಕ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಸೀಮೆಯಾಚೆಯ ತಿಂಡಿ ಎಂದುಕೊಂಡದ್ದು ತೋಟದ ನೆರಳಿನಲ್ಲೇ ಬೆಳೆಯತೊಡಗಿತು.

ಉಡುಗೊರೆಯಾದ ಪುಸ್ತಕ

ಶೃಂಗೇರಿ ಶಾರದೆ ವಿದ್ಯೆಯ ದೇವತೆ. ಮಗುವಿಗೆ ಅಕ್ಷರಾಭ್ಯಾಸ ಮಾಡಿಸಲು ದೂರದೂರದಿಂದ ಜನ ಇಲ್ಲಿಗೆ ಬರುತ್ತಾರೆ. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುತ್ತಾರೆ. ನವರಾತ್ರಿಯಲ್ಲಿ ಪುಸ್ತಕಕ್ಕೇ ಪೂಜೆ. ಪುಸ್ತಕವನ್ನು ಪೂಜಿಸುವ ಸಮಾಜದಲ್ಲಿ ಅದು ಎಲ್ಲರ ಕೈಗೂ ಎಟುಕುತ್ತಿರಲಿಲ್ಲ ಎಂಬುದು ಇನ್ನೊಂದು ಮುಖ.

ಹುಟ್ಟುಹಬ್ಬಕ್ಕೆ ಪುಸ್ತಕ ಕೊಡುವ ರೂಢಿಗೆ ಕನ್ನಡದಲ್ಲಿ ಗೌರವದ ಮಾದರಿಯೊಂದಿದೆ. ಅದು ಅಭಿನಂದನ ಗ್ರಂಥ. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರಿಗೆ ಶಿಷ್ಯರೂ ಅಭಿಮಾನಿಗಳೂ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ ಈ ಬಗೆಯ ಗ್ರಂಥಗಳಿಗೆ ಕನ್ನಡದಲ್ಲಿ ದಾರಿ ತೋರಿತು. ಮುಂದೆ ಹಿರಿಯ ಸಾಹಿತಿಗಳಿಗೆ 60 ಅಥವಾ 75 ತುಂಬಿದಾಗ ಶಾಲು, ಹಾರದ ಜತೆಗೆ ಒಂದು ಗ್ರಂಥ ಇರಲೇಬೇಕು ಎಂಬಂತಾಯಿತು. ಷಷ್ಟ್ಯಬ್ದಿಯ ಹೋಮದ ಜಾಗಕ್ಕೆ ಪುಸ್ತಕ ಬಂದು ಕೂತಿತು.

ಮಕ್ಕಳ ಪಾಲಿಗೆ ಬಂದದ್ದು ಸಣ್ಣ ಸಣ್ಣ ಕಥೆ ಪುಸ್ತಕಗಳು. ಶಾಲೆ ಓದು ಕಲಿಸಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪೇಟೆಗಳಿಗೆ ಪುಸ್ತಕದ ಮನೆ ಕಟ್ಟಲು ದಾರಿ ಮಾಡಿತು. ಮೊದಲ ಪುಟದಲ್ಲಿ ಶಾಯಿಯಿಂದ ಮಗುವಿನ ಹೆಸರು, ಹಾರೈಕೆ, ತಾರೀಕು ಬರೆದು ಕೊಟ್ಟ ಪುಸ್ತಕ ಅನೇಕ ಮನೆಗಳ ಕಪಾಟಿನಲ್ಲಿ ಜಾತಕದ ಜಾಗದಲ್ಲಿ ಉಳಿದಿದೆ. ಎಷ್ಟೋ ಕುಟುಂಬಗಳಲ್ಲಿ ಹುಟ್ಟಿದ ದಿನವನ್ನು ಮನೆಯವರೇ ತಮ್ಮ ಕೈಯಾರೆ ಬರೆದ ಮೊದಲ ಜಾಗ ಅದೇ ಇರಬಹುದು.

ಗಂಧದ ದಾರಿ

ಸಿಹಿ ಮತ್ತು ಪರಿಮಳವನ್ನು ಒಂದೇ ಗ್ರಂಥದಲ್ಲಿ ತಂದ ಕನ್ನಡಿಗ ಎರಡನೆಯ ಚಾವುಂಡರಾಯ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ ಅವನು ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೂ ಸುಗಂಧ ದ್ರವ್ಯಗಳ ತಯಾರಿಕೆಗೂ ಜಾಗವಿದೆ. ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅರಸನ ಭೋಗಗಳಲ್ಲಿ ಪರಿಮಳವನ್ನು ವಿಸ್ತಾರವಾಗಿ ವರ್ಣಿಸಿತು. ಒಂದು ಲೋಕದ ಉಪಕಾರಕ್ಕೆ, ಇನ್ನೊಂದು ಅರಸರ ಉಲ್ಲಾಸಕ್ಕೆ. ಆಚರಣೆಯಲ್ಲಿ ಗೆದ್ದದ್ದು ಎರಡನೆಯದು.

ಏಕೆಂದರೆ ಪರಿಮಳಗಳ ರಾಜ ಶ್ರೀಗಂಧ. ಶೃಂಗೇರಿಯಲ್ಲಿ ಶಂಕರರು ಪ್ರತಿಷ್ಠಾಪಿಸಿದ ಮೊದಲ ಶಾರದಾ ವಿಗ್ರಹ ಶ್ರೀಗಂಧದ್ದು, 14ನೇ ಶತಮಾನದಲ್ಲಿ ಅದರ ಸ್ಥಾನಕ್ಕೆ ಚಿನ್ನದ ಮೂರ್ತಿ ಬಂತು ಎನ್ನುತ್ತದೆ ಮಠದ ಪರಂಪರೆ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅರಸು ಹೋಗಿ ಸರ್ಕಾರ ಬಂದರೂ ಆ ಪಟ್ಟ ಹೋಗಲಿಲ್ಲ. ಸ್ವಂತ ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಮನೆಯವನದಲ್ಲ. ಗಿಡ ಕಂಡರೆ ಸಂತೋಷಕ್ಕಿಂತ ಭಯವೇ ಹೆಚ್ಚು. 2001ರ ಕಾನೂನು ತಿದ್ದುಪಡಿಯಿಂದ ಬೆಳೆದವನಿಗೆ ಅದರ ಒಡೆತನ ಸಿಕ್ಕಿತು.

ಮೊದಲ ಮಹಾಯುದ್ಧದವರೆಗೆ ಮೈಸೂರಿನ ಗಂಧದ ಕೊರಡು ಎಣ್ಣೆ ತೆಗೆಯಲು ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಹತ್ತಿದಾಗ ಆ ಮಾರುಕಟ್ಟೆ ಮುಚ್ಚಿತು. ಕೊರಡು ರಾಶಿ ಬಿತ್ತು. ಆಗ ಸಂಸ್ಥಾನ ತಾನೇ ಎಣ್ಣೆ ತೆಗೆಯಲು ನಿರ್ಧರಿಸಿ 1916ರಲ್ಲಿ ಕಾರ್ಖಾನೆ ಆರಂಭಿಸಿತು. ಅದೇ ಎಣ್ಣೆಯಿಂದ ಕೆಲವೇ ವರ್ಷಗಳಲ್ಲಿ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಅದರ ಹಿಂದಿನ ವಿಜ್ಞಾನಿ ಸೋಸಲೆ ಗರಳಪುರಿ ಶಾಸ್ತ್ರಿ. ಸಾಮಾನ್ಯನ ಮನೆಯ ಬಚ್ಚಲಿಗೆ ಶ್ರೀಗಂಧ ಬಂದದ್ದು ಆ ಸೋಪಿನ ರೂಪದಲ್ಲಿ. ದಿನನಿತ್ಯಕ್ಕಲ್ಲದಿದ್ದರೂ ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಎಂದು ಅದನ್ನು ತೆಗೆದಿಡುವ ಮನೆಗಳಿದ್ದವು.

ಅತ್ತರು ಇನ್ನೊಂದು ದಾರಿ. ಹೂವನ್ನು ನೀರಿನಲ್ಲಿ ಕುದಿಸಿ, ಆವಿಯನ್ನು ಗಂಧದ ಎಣ್ಣೆಯಲ್ಲಿ ಇಳಿಸುವುದು ಉತ್ತರ ಪ್ರದೇಶದ ಕನೌಜಿನ ಹಳೆಯ ವಿದ್ಯೆ. ಎಣ್ಣೆಯಾದ್ದರಿಂದ ಪರಿಮಳ ನಿಧಾನವಾಗಿ ಬಿಡುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಈಗಿನ ಸೆಂಟುಗಳಿಗೆ ಮದ್ಯಸಾರವೇ ಆಧಾರ. ಸಿಂಪಡಿಸಿದೊಡನೆ ಆರಿ ಪರಿಮಳ ಕೋಣೆಯೆಲ್ಲ ಹರಡುತ್ತದೆ, ಬೇಗ ಮಾಯವಾಗುತ್ತದೆ. 1991ರ ಆರ್ಥಿಕ ಉದಾರೀಕರಣದ ನಂತರ ಬಗೆಬಗೆಯ ಬಾಟಲಿಗಳು ಸಣ್ಣ ಪೇಟೆಗಳ ಅಂಗಡಿಗೂ ಬಂದವು. ಒಂದು ಕಾಲಕ್ಕೆ ಮದುವೆಯ ಪನ್ನೀರುದಾನಿಯಲ್ಲಿ ಮಾತ್ರ ಕಂಡ ಸುಗಂಧ, ಹದಿನೆಂಟು ತುಂಬಿದವರ ಉಡುಗೊರೆಯ ಡಬ್ಬಿಗೆ ಬಂತು.

ಮಲೆನಾಡಿನ ಬಡವರಿಗೆ ಹಾಗಾದರೆ ಪರಿಮಳವೇ ಇರಲಿಲ್ಲವೆ? ಇತ್ತು. ಸಂಪಿಗೆ, ಕೇದಗೆ, ಬಟ್ಟೆಯ ಪೆಟ್ಟಿಗೆಯಲ್ಲಿಡುವ ಲಾವಂಚದ ಬೇರು. ಎಲ್ಲಕ್ಕಿಂತ ಮಿಗಿಲಾಗಿ ಸುರಗಿ. ಒಣಗಿದ ಮೇಲೂ ಕಂಪು ಬಿಡದ ಹೂವು ಅದು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಯು.ಆರ್. ಅನಂತಮೂರ್ತಿ 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ‘ಸುರಗಿ’ ಎಂದೇ ಹೆಸರಿಟ್ಟರು. ಕಾಡಿನ ಹೂವಿಗೆ ಯಾರ ಪಟ್ಟವೂ ಇರಲಿಲ್ಲ. ಆದರೆ ಹೂ ಮುಡಿದು ಸಂಭ್ರಮಿಸಲು ‘ಇವತ್ತು ನನ್ನ ದಿನ’ ಎನ್ನುವ ದಿನವೊಂದು ಇರಲಿಲ್ಲ.

ಉಳಿದ ಪ್ರಶ್ನೆ

ಹುಟ್ಟುಹಬ್ಬ ಎಲ್ಲರಿಗೂ ಬಂದಿದೆ. ಆದರೆ ಎಲ್ಲರಿಗೂ ಒಂದೇ ಸಮನಾಗಿ ಬಂದಿಲ್ಲ. ತರಗತಿಯಲ್ಲಿ ಒಂದು ಮಗು ದುಬಾರಿ ಚಾಕೊಲೇಟು ಹಂಚಿದರೆ ಮರುದಿನ ಹುಟ್ಟುಹಬ್ಬವಿರುವ ಕೂಲಿಯವರ ಮಗು ಶಾಲೆಗೇ ಬರುವುದಿಲ್ಲ. ತಾರೀಕು ಅಳಿಸಿದ ಅಂತರವನ್ನು ಉಡುಗೊರೆ ಮತ್ತೆ ಬರೆಯುತ್ತದೆ. ಇದನ್ನು ಗಮನಿಸಿದ ರಾಜ್ಯದ ಕೆಲವು ಶಾಲೆಗಳಲ್ಲಿ ಶಿಕ್ಷಕರು ಒಂದು ಉಪಾಯ ಮಾಡಿದ್ದಾರೆ. ಸಿಹಿ ಹಂಚುವ ಬದಲು ಶಕ್ತಿ ಇರುವವರು ಶಾಲೆಯ ಗ್ರಂಥಾಲಯಕ್ಕೆ ಒಂದು ಪುಸ್ತಕ ಕೊಡಬೇಕು. ಪ್ರಾರ್ಥನೆಯ ಹೊತ್ತಿಗೆ ಅಂದು ಹುಟ್ಟಿದ ಎಲ್ಲರ ಹೆಸರನ್ನೂ ಓದಬೇಕು. ಪುಸ್ತಕ ತಂದವರದೂ, ತರದವರದೂ.

ಹೆಸರು ಓದಲು ಮೇಷ್ಟರು ನೋಡುವುದು ಅದೇ ದಾಖಲಾತಿ ರಿಜಿಸ್ಟರನ್ನು. ಮುತ್ತಜ್ಜಿಯ ಕಾಲದಲ್ಲಿ ಖಾಲಿಯಾಗಿಯೋ, ಅಂದಾಜಿನಲ್ಲಿಯೋ ತುಂಬುತ್ತಿದ್ದ ಆ ಅಂಕಣದಲ್ಲಿ ಈಗ ಪ್ರತಿ ಹೆಸರಿನ ಮುಂದೆಯೂ ನಿಜವಾದ ಒಂದು ತಾರೀಕಿದೆ.